ಅತ್ತೆ ಅತ್ತ, ಕ್ಯಾಮೆರಾ ಇತ್ತ

ಸೆಪ್ಟೆಂಬರ್ 14, 2000, ಗುರುವಾರ

ಮೊನ್ನೆ ಗಣಪತಿ ಮುಳುಗಿದ, ನಿನ್ನೆ ನಾನು ಮುಳುಗಿದೆ. ಅವನಿಗೆ ಕಪಿಲೇಶ್ವರದ ಹೊಂಡ, ನನಗೆ ಎಂ.ಫಿಲ್.

ಧಾರವಾಡಕ್ಕೆ ಹೋಗಿ ಮಾರ್ಗದರ್ಶಕರನ್ನು ಕಂಡು ಬಂದೆ. ಇವರು ಮಾರ್ಗ ತೋರಿಸುವುದು ಅಪರೂಪ, ದರ್ಶನ ಕೊಡುವುದು ಇನ್ನೂ ಅಪರೂಪ. "ಸಂಗೀತ ವಿಡಿಯೋಗಳಲ್ಲಿ ಆಧುನಿಕೋತ್ತರ ತಂತ್ರಗಳು" ಎಂಬ ನನ್ನ ಪ್ರಬಂಧದ ಹಾಳೆಗಳನ್ನು ಇಸ್ಪೀಟಿನಂತೆ ಕಲೆಸಿ, ಕನ್ನಡಕ ತೆಗೆದು, "ಮೈಲಾರಲಿಂಗ, ನೀ ಟೀವಿ ನೋಡಿದ್ದನ್ನ ಬರದಿ. ಟೀವಿ ನಾನೂ ನೋಡ್ತೀನಿ. ಒಂದು ವಿಡಿಯೋ ನೀನ ಮಾಡಿ ತೋರಿಸು. ಆಮ್ಯಾಲ ತಂತ್ರದ ಮಾತು" ಎಂದರು.

ಆಧುನಿಕೋತ್ತರ ಎಂದರೇನು ಎಂದು ಬೆಳಗಾವಿಯ ನಮ್ಮ ಖಾಸಬಾಗದಲ್ಲಿ ಯಾರು ಕೇಳಿದರೂ ನನ್ನಲ್ಲಿ ಸಿದ್ಧ ಜವಾಬಿದೆ: ಆಧುನಿಕವೆಲ್ಲ ಬೆಂಗಳೂರಿನ ಕಡೆ, ಉತ್ತರ ನಮ್ಮ ಕಡೆ. ಗಂಭೀರವಾಗಿ ಹೇಳುವುದಾದರೆ, ವಿಡಿಯೋದ ಕಥೆಗೆ ತಲೆಬುಡ ಇರಬಾರದು. ಹಾಡುವವಳು ಮೊದಲ ಸಾಲಿಗೆ ಮರುಭೂಮಿಯಲ್ಲಿದ್ದರೆ ಎರಡನೆಯ ಸಾಲಿಗೆ ಬಚ್ಚಲಲ್ಲಿ ಇರಬೇಕು. ಹಳೇ ಸಿನಿಮಾ, ಜಾಹೀರಾತು, ದೇವರ ಕ್ಯಾಲೆಂಡರು ಎಲ್ಲದರಿಂದ ಚೂರು ಚೂರು ಕದ್ದು ಅಂಟಿಸಿರಬೇಕು. ಕನ್ನಡಿಯಲ್ಲಿ ಕ್ಯಾಮೆರಾ ಕಾಣಬೇಕು. "ಇದೆಲ್ಲ ಸುಳ್ಳು, ಮಾರಾಯಾ" ಎಂದು ಹಾಡುವವಳೇ ನೋಡುವವನಿಗೆ ಕಣ್ಣು ಹೊಡೆಯಬೇಕು. ನಾಟಕದವರು ಇದನ್ನು ನಾಲ್ಕನೆಯ ಗೋಡೆ ಒಡೆಯುವುದು ಎನ್ನುತ್ತಾರೆ. ನಮ್ಮ ಬಾಡಿಗೆ ಮನೆಯಲ್ಲಿ ಮೂರೇ ಗೋಡೆ ಗಟ್ಟಿ ಇರುವುದರಿಂದ ಅರ್ಧ ಕೆಲಸ ಆಗಲೇ ಆದಂತೆ.

ಇದನ್ನೆಲ್ಲ ಹೆಂಡತಿಗೆ ಹೇಳಹೋದೆ. ಪ್ರಮಿಳಾ ಸಾಲಿ ಹುಡುಗರ ಗಣಿತ ತಿದ್ದುತ್ತಿದ್ದಳು. "ಇವತ್ತಿನ ಪಾಲಿನ ನಗಿ ನಾ ಮುಂಜಾನೆನ ನಕ್ಕೀನ್ರಿ. ಉಳಿದಿದ್ದು ಎಲ್ಲೆರ ಬರ್ಕೊಳ್ರಿ" ಎಂದಳು. ಬರೆದುಕೊಳ್ಳುತ್ತಿದ್ದೇನೆ.

ಸೆಪ್ಟೆಂಬರ್ 17, ಭಾನುವಾರ

ಖಾನಾಪುರಕ್ಕೆ, ಅವಳ ತವರಿಗೆ, ಹೋಗಿ ಬಂದೆವು.

ನಮ್ಮತ್ತೆ ಶಿವಬಸವ್ವನವರ ಕೊರಳಲ್ಲಿ ಗಡ್ಡೆ. ಸೆರಗಿನ ಮರೆಯಲ್ಲಿ ಯಾರಿಗೂ ಹೇಳದೆ ಬೆಳೆದು ಲಿಂಬೆಹಣ್ಣಿನಷ್ಟಾಗಿದೆ. ಬೆಳಗಾವಿಯ ಡಾಕ್ಟರರು ಕೊಯ್ದು ತೆಗೆಯಲೇಬೇಕು, ದೀಪಾವಳಿ ಮುಗಿಸಿಕೊಂಡು ನವೆಂಬರ್ ಎರಡಕ್ಕೆ ಬರ್ರಿ ಅಂದಿದ್ದಾರೆ. ಜೀವಕ್ಕೆ ಭಯವಿಲ್ಲ. ಆದರೆ ದನಿಯ ನರ ಗಡ್ಡೆಗೆ ಅಂಟಿಕೊಂಡೇ ಹಾದುಹೋಗಿದೆಯಂತೆ. "ದನಿ ಉಳದ ಉಳೀತದಂತ ನಾ ಮಾತು ಕೊಡೂದಿಲ್ಲ" ಅಂದರಂತೆ.

ಬೇರೆ ಯಾರ ದನಿಯಾದರೂ ಆಗಿದ್ದರೆ ಮಾತು ಬೇರೆ. ಖಾನಾಪುರದ ಸ್ಟೇಶನ್ ಕಡೆಯ ಓಣಿಗಳಲ್ಲಿ ನಮ್ಮತ್ತೆ ಹಾಡದೆ ಕೂಸು ತೊಟ್ಟಿಲೇರುವುದಿಲ್ಲ, ಮದುಮಗಳು ಅರಿಷಿಣ ಹಚ್ಚಿಸಿಕೊಳ್ಳುವುದಿಲ್ಲ. ಕನ್ನಡದವರ ಮನೆಗೆ ಕನ್ನಡದ ಹಾಡು, ಮರಾಠಿಯವರ ಮನೆಗೆ ಮರಾಠಿ ಹಾಡು. ನಡುನಡುವೆ ಸಾಲುಗಳನ್ನು ತಾವೇ ಕಟ್ಟುತ್ತಾರೆ, ಬೀಗರ ಮೂಗಿನ ಮೇಲೂ ತ್ರಿಪದಿ ಕೂರಿಸುತ್ತಾರೆ. ಇದೆಲ್ಲ ನಾನು ಕೇಳಿದ್ದು. ಅಂದರೆ, ಸುದ್ದಿ ಕೇಳಿದ್ದು. ಹಾಡು ಕೇಳಿಲ್ಲ.

ಯಾಕೆಂದರೆ ನಾನು ಅಳಿಯ. ನಮ್ಮತ್ತೆ ಹಳೇ ಪದ್ಧತಿಯವರು: ಅಳಿಯನೆದುರು ತಲೆಯ ಮೇಲೆ ಸೆರಗು, ಅಳಿಯನ ಜೊತೆ ನೇರ ಮಾತಿಲ್ಲ, ಅಳಿಯನ ಕಿವಿಗೆ ಬೀಳುವಂತೆ ಹಾಡಂತೂ ಇಲ್ಲವೇ ಇಲ್ಲ. ಅವರ ತಾಯಿಯೂ ಹೀಗೇ ಇದ್ದರಂತೆ. ಮದುವೆಯಾಗಿ ಏಳು ವರ್ಷ, ನನಗೆ ರೊಟ್ಟಿ ಬೇಕೋ ಎಂಬ ಪ್ರಶ್ನೆ ಅಡುಗೆಮನೆಯಿಂದ ಪ್ರಮಿಳಾಳ ಮೂಲಕ ಬರುತ್ತದೆ, ಸಾಕು ಎಂಬ ಉತ್ತರ ಅದೇ ದಾರಿಯಲ್ಲಿ ಹೋಗುತ್ತದೆ, ಅಷ್ಟರಲ್ಲಿ ರೊಟ್ಟಿ ತಾಟಿಗೆ ಬಿದ್ದಿರುತ್ತದೆ. ಅತ್ತೆ ಯಾವಾಗಲೂ ಅತ್ತ, ನಾನು ಇತ್ತ.

ವಾಪಸು ಬರುವಾಗ ಗಾಡಿ ದೇಸೂರು ದಾಟಿದ ಮೇಲೆ ಪ್ರಮಿಳಾ, "ರೀ, ಆಪರೇಶನ್ನಿಗಿಂತ ಮೊದಲ ಅವ್ವನ ಹಾಡು ಒಂದರ ವಿಡಿಯೋ ಮಾಡಿ ಇಟ್ಕೋಬೇಕು" ಎಂದಳು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಅವಳು ಕಣ್ಣೊರೆಸಿಕೊಳ್ಳುತ್ತಿದ್ದಾಗಲೇ ನಾನು ಟಿಕೆಟ್ಟಿನ ಹಿಂದೆ ಮೊದಲ ಶಾಟು ಬರೆದುಕೊಂಡೆ.

ಸೆಪ್ಟೆಂಬರ್ 20, ಬುಧವಾರ

ಹಾಡು ಪ್ರಮಿಳಾ ಆರಿಸಿದಳು. ಅವಳವ್ವನೇ ಕಟ್ಟಿದ್ದು. ಹಾಡದೆ ಓದಿ ಹೇಳಿದಳು:

ಲೋಂಡಾದ ಗಾಡಿ ಬಂತು ಎದ್ದೇಳ ಗೆಣತೆವ್ವ
ಕಂಡಕಂಡವರ ತಂದೈತಿ – ನನ್ನವ್ವ
ಗಂಡನ್ನ ಅಲ್ಲೇ ಮರತೈತಿ

ಅದ್ಭುತ. ಚಿತ್ರಕಥೆ ಎರಡೇ ದಿನದಲ್ಲಿ ಹರಿದು ಬಂತು. ಹರಿದು ಎಂದರೆ ಚೂರು ಚೂರಾಗಿಯೇ; ಅದೇ ತಂತ್ರ. "ಲೋಂಡಾದ" ಎಂಬಲ್ಲಿ ಅತ್ತೆ ಒಲೆಯ ಮುಂದೆ. "ಗಾಡಿ" ಎಂಬಲ್ಲಿ ವಡಗಾವಿಯ ಮಗ್ಗದಲ್ಲಿ ಓಡುವ ಲಾಳಿ. "ಗೆಣತೆವ್ವ" ಎಂಬಲ್ಲಿ ಆ ಗೆಳತಿಯಾಗಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಗೊಂಬೆ ಇಳಕಲ್ ಸೀರೆ ಉಟ್ಟು ಪ್ಲಾಟ್‌ಫಾರ್ಮಿನ ಮೇಲೆ ಒಂಟಿ. ನಂತರ ತಂಬಿಗೆಯ ಹೊಟ್ಟೆಯಲ್ಲಿ ಅತ್ತೆಯ ಮುಖ ತಲೆಕೆಳಗಾಗಿ. ಕೊನೆಗೆ ಅತ್ತೆ ನೇರ ಕ್ಯಾಮೆರಾಕ್ಕೆ ಕಣ್ಣು ಹೊಡೆಯುವುದು. ನಾನು ಅತ್ತೆಯಿಂದ ಕಣ್ಣು ಹೊಡೆಸಿದೆ, ಪ್ರಮಿಳಾ ಅದರ ಮೇಲೆ ಕೆಂಪು ಗೆರೆ ಹೊಡೆದಳು.

ಕ್ಯಾಮೆರಾ ನಮ್ಮ ಓಣಿಯ ಆತಿಫನದು. ಮದುವೆ ವಿಡಿಯೋ ತೆಗೆಯುತ್ತಾನೆ. ಮದುಮಕ್ಕಳ ಮುಖಗಳನ್ನು ಹಾರ್ಟಿನೊಳಗೆ ಹಾಕಿ ಗೋಕಾಕ ಫಾಲ್ಸಿನ ಮೇಲೆ ತೇಲಿಬಿಡುವುದು ಅವನ ಕಲೆ. ಚಿತ್ರಕಥೆ ಕೇಳಿದ.

"ಸರ್‌ಜಿ, ಕಥಿ ಏನು?"

"ಕಥೆ ಇಲ್ಲ."

"ಹೀರೋ?"

"ಇಲ್ಲ."

"ಮತ್ತ ಹಾರ್ಟ್ ಯಾರ ಸುತ್ತ ಹಾಕ್ಲಿ?"

ಹಾರ್ಟಿಲ್ಲದ ಮನುಷ್ಯ ಎಂಬಂತೆ ನನ್ನನ್ನು ನೋಡಿದ. ಆದರೂ ಒಪ್ಪಿದ. ಖಾನಾಪುರದಲ್ಲಿ ಊಟ ಅತ್ತೆಯ ಕೈಯದು ಎಂದು ಹೇಳಿದ್ದೆ.

ಅಕ್ಟೋಬರ್ 1, ಭಾನುವಾರ

ಚಿತ್ರೀಕರಣದ ಮೊದಲ ದಿನ. ಕೊನೆಯ ದಿನವೂ ಆಗಬಹುದು.

ಅಡುಗೆಮನೆಯಲ್ಲಿ ಆತಿಫ ದೀಪ ಹಚ್ಚಿದ. ನಾನು ಕ್ಯಾಮೆರಾದ ಹಿಂದೆ ನಿಂತೆ. ಅತ್ತೆ ಬಂದರು, ಮಣೆ ಎಳೆದುಕೊಂಡರು, ನಮಗೆ ಬೆನ್ನು ಮಾಡಿ ಕೂತರು. ಕ್ಯಾಮೆರಾದಲ್ಲಿ ಹಸಿರು ಸೀರೆಯ ಒಂದು ಗುಡ್ಡ ಕಾಣಿಸಿತು.

"ಯವ್ವಾ, ಕ್ಯಾಮೆರಾದ ಕಡೆ ನೋಡಬೇ" ಎಂದಳು ಪ್ರಮಿಳಾ.

ಗುಡ್ಡ ಪಿಸುಗುಟ್ಟಿತು, "ಅಲ್ಲಿ ಅಳಿಯಾರ ಅದಾರಲ್ಲ."

"ಅವರು ಕ್ಯಾಮೆರಾದ ಹಿಂದ ಅದಾರ, ನಿನಗ ಕಾಣೂದಿಲ್ಲ."

"ನನಗ ಅವರು ಕಾಣದಿದ್ರ ಏನಾತು? ಅವರಿಗೆ ನಾ ಕಾಣ್ತೀನಲ್ಲ."

ಕ್ಯಾಮೆರಾ ಆತಿಫನಿಗೆ ಕೊಟ್ಟು ಹಿತ್ತಲಿಗೆ ಹೋದೆ. ಅವನ ಮುಂದೆ ಅವರಿಗೆ ಸಂಕೋಚವಿಲ್ಲ. "ಇಂವ ನನ್ನ ಮಗನಂಗ" ಎಂದು ಆಗಲೇ ಎರಡು ಸಲ ಅವನಿಗೆ ಹೋಳಿಗೆ ಬಡಿಸಿದ್ದರು. ಏಳು ವರ್ಷದ ಅಳಿಯ ಪರಕೀಯ, ಏಳು ನಿಮಿಷದ ಆತಿಫ ಮಗ! ಆದರೂ ಹಾಡು ಹೊರಡಲಿಲ್ಲ. ಹಿತ್ತಲಿಗೆ ಕೇಳುತ್ತದಂತೆ. ಬಾವಿಯ ಆಚೆ ಹೋದೆ. ಅಲ್ಲಿಗೂ ಕೇಳುತ್ತದಂತೆ. ಕಿವಿಗೆ ಹತ್ತಿ ಇಟ್ಟುಕೊಂಡು ಕಿಟಕಿಯಲ್ಲಿ ಮುಖ ತೋರಿಸಿ ಖಾತ್ರಿ ಕೊಟ್ಟೆ. ಒಳಗೆ ನೋಡಲು ಸೇರಿದ್ದ ಓಣಿಯ ಹೆಂಗಸರೆಲ್ಲ ನಗತೊಡಗಿದರು. ಅತ್ತೆಯ ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಮಾವ ಗುರುಪುತ್ರಪ್ಪನವರು ರೇಲ್ವೆಯಲ್ಲಿ ಹಳಿ ನೋಡಿಕೊಂಡು ನಿವೃತ್ತರಾದವರು. ಯಾವುದನ್ನೂ ಹಳಿ ತಪ್ಪಲು ಬಿಡುವುದಿಲ್ಲ. ಮೆಲ್ಲಗೆ ಬಂದು, "ಅಳಿಯಾರ, ನಾವಿಬ್ಬರೂ ಲೋಂಡಾಕ್ಕ ಹೋಗಿ ಚಾ ಕುಡದು ಬರೂಣು ನಡೀರಿ. ಅಷ್ಟರಾಗ ಅವರು ಮಾಡಿ ಮುಗಸ್ತಾರ" ಎಂದರು.

"ನಿರ್ದೇಶಕನೇ ಇಲ್ಲದೆ ಚಿತ್ರೀಕರಣವೇ ಮಾವಾರ?" ಎಂದೆ.

ಇಡೀ ಜಗತ್ತು ನಾಲ್ಕನೆಯ ಗೋಡೆ ಒಡೆಯುತ್ತಿರುವಾಗ ನಮ್ಮತ್ತೆ ಐದನೆಯದನ್ನು ಕಟ್ಟಿದರು. ಸಾಮಾನು ಕಟ್ಟಿಕೊಂಡು ಬಂದೆವು.

ಅಕ್ಟೋಬರ್ 2, ಸೋಮವಾರ

ಗಾಂಧಿ ಜಯಂತಿ. ಮನೆಯಲ್ಲಿ ಅಸಹಕಾರ ಚಳವಳಿ. ಚಹಾದ ಜೊತೆ ಒಂದೇ ಒಂದು ಪ್ರಶ್ನೆ ಬಂತು: "ನಿಮಗ ಅವ್ವನ ಹಾಡು ಬೇಕೋ, ನಿಮ್ಮ ವಿಡಿಯೋ ಬೇಕೋ?"

ಚಹಾ ಕುಡಿದೆ.

ಅಕ್ಟೋಬರ್ 8, ಭಾನುವಾರ

ನಿನ್ನೆ ದಸರೆಯ ಬನ್ನಿ ಕೊಡಲು ಖಾನಾಪುರಕ್ಕೆ ಹೋಗಿದ್ದೆವು. ನನ್ನ ಪಾಲಿನ ಬನ್ನಿ ತಟ್ಟೆಯಲ್ಲಿ ಹೊಸಿಲ ಮೇಲೆ ಬಂದು ಕೂತಿತು. ಹಿಂದಿನಿಂದ ಅತ್ತೆ "ಬನ್ನಿ ತಗೊಂಡು ಬಂಗಾರದಂಗ ಇರೂಣು ಅಂತ ಹೇಳು" ಎಂದು ಮಗಳಿಗೆ ಹೇಳಿದ್ದು ಕೇಳಿಸಿತು. "ಬಂಗಾರ" ಎಂಬಲ್ಲಿ ದನಿ ಒಡೆಯಿತು. ಹರಿದ ಗಾಳಿಪಟದಂತೆ ಒಂದು ಸದ್ದು, ಆಮೇಲೆ ಬರೀ ಉಸಿರು. ಗಡ್ಡೆ ಈಗಲೇ ಒತ್ತುತ್ತಿದೆಯಂತೆ. ಆಪರೇಶನ್ನಿನವರೆಗೂ ಹಾಡು ಕಾಯುತ್ತದೆ ಅಂದುಕೊಂಡಿದ್ದೆವು.

ಇವತ್ತು ಆತಿಫ ಒಂದು ಉಪಾಯ ತಂದ. ಅತ್ತೆಯ ಅಡುಗೆಮನೆಯ ಅಟ್ಟದ ಮೇಲೆ ಡಬ್ಬಿಗಳ ನಡುವೆ ಕ್ಯಾಮೆರಾ ಅಡಗಿಸಿಡುವುದು. ಹಿಟ್ಟು ನಾದುವಾಗ ಹೇಗೂ ಹಾಡಿಕೊಳ್ಳುತ್ತಾರೆ. ನಾನು ಹಿಗ್ಗಿದೆ. ಮೂಲಕ್ಕೂ ನಕಲಿಗೂ ನಡುವಿನ ಗೆರೆಯೇ ಅಳಿಸಿಹೋಗುತ್ತದೆ! ಪ್ರಮಿಳಾ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಅಕಿ ಹಾಡು ಯಾರಿಗೆ ಹಾಡಬೇಕಂತ ಅಕಿಗೆ ಗೊತ್ತೈತಿ. ಕದ್ದು ತಗೊಂಡ್ರ ಅದು ಹಾಡಲ್ಲ, ಕಳುವಿನ ಮಾಲು."

"ಅರೆ ಭಾಬಿ, ನಾ ಸುಮ್ನ ಅಂದೆ" ಎಂದು ಆತಿಫ ಚಪ್ಪಲಿ ಹುಡುಕತೊಡಗಿದ.

ಅಕ್ಟೋಬರ್ 9, ಸೋಮವಾರ

ಕಳ್ಳ ಕ್ಯಾಮೆರಾ ಬೇಡ. ಪುಸ್ತಕಗಳಲ್ಲಿ ಅದಕ್ಕೆ ಸಮರ್ಥನೆ ಬೇಕಾದಷ್ಟಿದೆ, ಮನೆಯಲ್ಲಿ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಹೇಳಿದೆ: "ಕ್ಯಾಮೆರಾ ನೀನೇ ಹಿಡಿ."

"ನಾನಾ?"

"ನಿನ್ನ ಮುಂದ ಹಾಡ್ತಾರಲ್ಲ. ನಾನು ಮಾವಾರ ಜೊತೆ ಲೋಂಡಾಕ್ಕ ಹೋಗ್ತೀನಿ."

ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯೇ ಎಂದು.

ಅಕ್ಟೋಬರ್ 14, ಶನಿವಾರ

ಮಾಳಿಗೆಯ ಮೇಲೆ ಆತಿಫನ ಪಾಠ, ವಿದ್ಯಾರ್ಥಿನಿ ಪ್ರಮಿಳಾ, ವಸ್ತು ನಾನು. ಅವಳು ನನ್ನ ಮುಖದಿಂದ ಶುರುಮಾಡಿ ಮೆಲ್ಲಗೆ ನಡುನೆತ್ತಿಯ ಬೋಳಿನತ್ತ ಹತ್ತಿರ ಹತ್ತಿರ ಹೋದಳು. "ಭಾಬಿ, ಕೈ ನಡುಗಬಾರದು" ಎಂದ ಆತಿಫ. "ನಗು ಬಂದ್ರ ಏನ್ಮಾಡ್ಲೆಪಾ?" ಎಂದಳು ಇವಳು.

ನನ್ನ ಚಿತ್ರಕಥೆಯ ಒಂದು ಪ್ರತಿ ಅವಳಿಗೆ ಕೊಟ್ಟಿದ್ದೇನೆ. ಭಕ್ತಿಯಿಂದ ತೆಗೆದುಕೊಂಡಳು. ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಒಂದು ಕಡೆ ಕುಂಟುತ್ತಿತ್ತು, ಆ ಕಾಲಿಗೆ ಮಡಚಿ ಇಟ್ಟಳು. ಕೃತಿಗೆ ಆಧಾರವಾಯಿತು ಅಂದುಕೊಳ್ಳುತ್ತೇನೆ.

ಅಕ್ಟೋಬರ್ 22, ಭಾನುವಾರ

ಹೋದ ವಾರವೆಲ್ಲ ಅತ್ತೆಯ ದನಿ ಕಟ್ಟಿತ್ತು. ನಿನ್ನೆ ಸ್ವಲ್ಪ ತೆರೆದಿದೆ ಎಂದು ಸುದ್ದಿ ಬಂತು. ಮುಂಜಾನೆಯೇ ಹೊರಟೆವು. ಪ್ರಮಿಳಾ, ಆತಿಫ ಮನೆಗೆ ಹೋದರು. ನನ್ನನ್ನೂ ಮಾವನನ್ನೂ ಸ್ಟೇಶನ್ನಿನಿಂದಲೇ ಲೋಂಡಾದ ಗಾಡಿಗೆ ಹತ್ತಿಸಿದರು.

ಲೋಂಡಾದಲ್ಲಿ ಪ್ಲಾಟ್‌ಫಾರ್ಮಿನ ಬೆಂಚು. ಹಳಿಯ ಆಚೆ ಬರೀ ಕಾಡು. ಗೋವಾದ ಕಡೆಯಿಂದ ಒಂದು ಗೂಡ್ಸು ಬಂದು, ಬಂದದ್ದೇ ಮರೆತವರಂತೆ ನಿಂತುಬಿಟ್ಟಿತು. ನಾವು ಚಹಾ ಕುಡಿದೆವು, ವಡಾಪಾವ್ ತಿಂದೆವು, ಮತ್ತೆ ಚಹಾ ಕುಡಿದೆವು. ಮಾವ ಮಾತಿನವರಲ್ಲ. ಎರಡನೆಯ ಚಹಾ ಮುಗಿದ ಮೇಲೆ ಕೇಳಿದರು:

"ಅಳಿಯಾರ, ಆ ಹಾಡಿನ್ಯಾಗ ಗಾಡಿ ಗಂಡನ್ನ ಮರತು ಬಂತಲ್ಲ?"

"ಹೌದ್ರಿ."

"ಆ ಗಂಡ ನಾನ."

ಹೊಸದಾಗಿ ಮದುವೆಯಾದಾಗ ಅವರಿಗೆ ಲೋಂಡಾದಲ್ಲಿ ಕೆಲಸ. ಶನಿವಾರ ಸಂಜೆಯ ಗಾಡಿಗೆ ಖಾನಾಪುರಕ್ಕೆ ಬರಬೇಕು. ಒಂದು ಶನಿವಾರ ಇದೇ ಪ್ಲಾಟ್‌ಫಾರ್ಮಿನ ಮೇಲೆ ಕಣ್ಣು ಹತ್ತಿ, ಗಾಡಿ ಹೊರಟೇಹೋಯಿತು. ಅತ್ತ ಶಿವಬಸವ್ವ ಹೊಸ ಸೀರೆ ಉಟ್ಟು ಸ್ಟೇಶನ್ನಿಗೆ ಬಂದು ನಿಂತಿದ್ದಾರೆ. ಓಣಿಯವರೆಲ್ಲ ಇಳಿದರು, ಇವರು ಇಳಿಯಲಿಲ್ಲ.

"ಸ್ಟೇಶನ್ನಿಂದ ಮನಿಗೆ ಹೋಗೂದ್ರಾಗ ಹಾಡು ಕಟ್ಟಿ ಬಿಟ್ಟಾಳ್ರೀ. ಮರುದಿವಸ ನಾ ಬರ್ತೀನಿ, ಓಣಿ ತುಂಬ ಹೆಂಗಸರ ಬಾಯಾಗ ಅದ ಹಾಡು. ಬಾವಿಗೆ ಹ್ವಾದ್ರೂ ಅದ, ಬೀಸಾಕ ಕುಂತ್ರೂ ಅದ. ನಾ ಹಗಲ ಹೊರಗ ಬರಲೇ ಇಲ್ಲ."

ನಕ್ಕೆವು. ಗೂಡ್ಸು ಒಮ್ಮೆ ಮೈ ಜಾಡಿಸಿ ಮತ್ತೆ ಸುಮ್ಮನಾಯಿತು.

"ಮುಂದ ಮುಂದ ಹಂಗ ಆತ್ರೀ. ನಾ ಏನರ ತಪ್ಪು ಮಾಡಿದ್ರ ಅಕಿ ಜಗಳಾಡಾಕಿ ಅಲ್ಲ. ಹಾಡಾಕಿ. ಏನಂತ ಹಾಡ್ತಾಳೋ ಕೇಳೂಣು ಅಂತ ಎಷ್ಟೋ ಸಲ ತಪ್ಪು ಮಾಡೀನಿ." ಚಹಾದ ಗ್ಲಾಸನ್ನು ತಿರುಗಿಸುತ್ತ ಕೂತರು. "ದನಿ ಹ್ವಾದ್ರ 'ಆ' ಅಂತ ಬಾಯಿ ತೆರೀತಾಳ. ನಾ ಏನ ತಪ್ಪು ಮಾಡೀನಿ ಅಂತ ನನಗ ಹೆಂಗ ತಿಳೀಬೇಕ್ರಿ?"

ಇನ್ನೊಂದು ಚಹಾ ತಂದುಕೊಟ್ಟೆ.

ಸಂಜೆ ಮನೆ ಮುಟ್ಟಿದಾಗ ಆತಿಫ ಊಟ ಹೆಚ್ಚಾಗಿ ಗೋಡೆಗೆ ಒರಗಿದ್ದ. ಪ್ರಮಿಳಾ ಅಂಗಳದಲ್ಲೇ ಎದುರಾದಳು. "ಕೆಮ್ಮು ಬಂತೇನು?" ಎಂದು ಕೇಳಿದೆ. "ಇಲ್ಲ. ಪೂರ್ತಿ ಹಾಡಿದ್ಳು" ಎಂದಳು.

ಅಕ್ಟೋಬರ್ 24, ಮಂಗಳವಾರ

ಕಾಲೇಜಿನಲ್ಲಿ ಪಾಠ ಮುಗಿಸಿ ಆತಿಫನ ಅಂಗಡಿಗೆ ಹೋದೆ. ಕ್ಯಾಸೆಟ್ ಹಾಕಿದ. "ತಡಿ" ಎಂದೆ.

ಲೋಂಡಾಕ್ಕೆ ಹೋಗಿ ಕೂತದ್ದು ಯಾಕೆ? ನಾನು ಕೇಳಬಾರದು ಎಂದು ತಾನೆ? ಇಲ್ಲಿ ಕೂತು ಕೇಳಿದರೆ ಅದೇ ಅಲ್ಲವೆ? ಬಾಜೂಕಿನ ಎಸ್‌ಟಿಡಿ ಬೂತಿನಿಂದ ಖಾನಾಪುರದ ಪಕ್ಕದ ಮನೆಗೆ ಫೋನು ಹಚ್ಚಿ ಮಾವನನ್ನು ಕರೆಸಿದೆ. ಅವರು ಮನೆಗೆ ಹೋಗಿ ಕೇಳಿ ಬಂದರು. ಏದುಸಿರು ಬಿಡುತ್ತಲೇ ತೀರ್ಪು ಒಪ್ಪಿಸಿದರು:

"ಊರೆಲ್ಲಾ ಕೇಬಲ್ಲಿನ್ಯಾಗ ನೋಡೂ ಮುಂದ ಅಳಿಯಾರ ಒಬ್ಬರು ಕಣ್ಣು ಮುಚ್ಕೊಂಡು ಕುಂದರಬೇಕೇನು, ನೋಡ್ಲಿ ಅಂತ. ಆದ್ರ ನನ್ನ ಎದುರಿಗೆ ಕುಂತು ನೋಡಬಾರದು ಅಂತ."

ನೋಡಿದೆ.

ಮೊದಲಿಗೆ ಚಿತ್ರ ಅಲುಗುತ್ತದೆ. ಸೆರಗು ಹೆಗಲ ಮೇಲಿದೆ. ಕೂದಲು ಅಷ್ಟು ಬೆಳ್ಳಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವರು ನೇರ ನೋಡುತ್ತಾರೆ, "ತಲಿ ಬಾಚ್ಕೊಂಡಿಲ್ಲಲ್ಲೇ ನೀ" ಎಂದು ಮಗಳನ್ನು ಬೈಯುತ್ತಾರೆ, ಬೈಗುಳದ ಬಾಲ ಹಿಡಿದೇ ಹಾಡು ಶುರುವಾಗುತ್ತದೆ. ಗೋಡೆಯ ಕನ್ನಡಿಯಲ್ಲಿ ಆತಿಫ ದೀಪ ಹಿಡಿದುಕೊಂಡು ಹೋಳಿಗೆ ಅಗಿಯುತ್ತಿದ್ದಾನೆ. ಪಕ್ಕದ ಮನೆಯವಳು ಕೊಡ ಹೊತ್ತು ಕ್ಯಾಮೆರಾದ ಮುಂದೆಯೇ ಹಾದುಹೋಗಿ, ತಿರುಗಿ ಬಂದು, ಇಣುಕಿ, ಹೋಗುತ್ತಾಳೆ. ಎರಡನೆಯ ನುಡಿಯ ಮೊದಲ ಅಕ್ಷರ ಎತ್ತುವಾಗಲೇ ಕಿಟಕಿಯಾಚೆ ಖರೇ ಗಾಡಿಯೇ ಬಂತು. ಅವರು ಒಂದು ಬೆರಳೆತ್ತಿ, ಬಾಯಿ ಹಾಗೇ ತೆರೆದಿಟ್ಟುಕೊಂಡು, ಗಾಡಿ ಪೂರ್ತಿ ಹೋಗುವವರೆಗೂ ತಡೆದು, ಬಿಟ್ಟ ಅಕ್ಷರದಿಂದಲೇ ಎತ್ತಿಕೊಂಡರು:

ಹಳಿಯೆರಡು ಕೂಡಿ ನಡೆದಾವ ದೂರಕ್ಕ
ಅಳಿಯನ ಊರ ದಾಟ್ಯಾವ – ನನ್ನವ್ವ
ಗಳಿಗಿಗೆ ಮಗಳ ನೆನೆಸ್ಯಾವ

ಇಲ್ಲಿ ಚಿತ್ರ ಮಸುಕಾಗುತ್ತದೆ. ಫೋಕಸ್ ತಪ್ಪಿತು ಎಂದ ಆತಿಫ. ಪ್ರಮಿಳಾಳ ಕೈ ಅಡ್ಡ ಬಂದು ಗಾಜು ಒರೆಸುತ್ತದೆ. ಆದರೆ ಒದ್ದೆಯಾಗಿದ್ದದ್ದು ಗಾಜಲ್ಲ.

ಇದು ಹೊಸ ನುಡಿ. ಅವಳಿಗೂ ಗೊತ್ತಿರಲಿಲ್ಲವಂತೆ.

ಅಕ್ಟೋಬರ್ 25, ಬುಧವಾರ

ಇಂಗ್ಲಿಷಿನಲ್ಲಿ ಕಟ್ ಎಂದರೆ ಕತ್ತರಿಸು, ಕನ್ನಡದಲ್ಲಿ ಕಟ್ಟು. ಇಡೀ ದಿನ ಅಂಗಡಿಯಲ್ಲಿ ಕೂತು ಎರಡನ್ನೂ ಮಾಡಲಿಲ್ಲ. ಎಲ್ಲಿ ಕತ್ತರಿಸಹೋದರೂ ಅಲ್ಲೊಂದು ಉಸಿರಿತ್ತು. ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಓಡಿಸಿ ಕೇಳಿ, ಇದ್ದ ಹಾಗೇ ಬಿಟ್ಟೆ. ಗಾಡಿ ಹೋಗುವಾಗ ಅದರ ಸುತ್ತ ಒಂದು ಹಾರ್ಟು ಹಾಕಿಕೊಳ್ಳಲು ಆತಿಫನಿಗೆ ಅಪ್ಪಣೆ ಕೊಟ್ಟೆ. ಪಾಪ, ಬಹಳ ದಿನದಿಂದ ತಡೆದುಕೊಂಡಿದ್ದ.

ಹಾಡು: ಶಿವಬಸವ್ವ. ಕ್ಯಾಮೆರಾ: ಪ್ರಮಿಳಾ. ಬೆಳಕು: ಆತಿಫ. "ಸರ್‌ಜಿ, ನಿಮ್ಮ ಹೆಸರು ಏನಂತ ಹಾಕ್ಲಿ?" ಎಂದ. ನಾನು ಮಾಡಿದ್ದೇನೂ ನೆನಪಾಗಲಿಲ್ಲ.

ಅಕ್ಟೋಬರ್ 28, ಶನಿವಾರ

ದೀಪಾವಳಿ ಪಾಡ್ಯ. ಖಾನಾಪುರದ ಕೇಬಲ್ಲಿನವರು ಸಂಜೆ ನಮ್ಮ ವಿಡಿಯೋ ಹಾಕಿದರು. ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹೆಂಗಸರು. ತೀರ್ಪಿನಂತೆ ನಾನು ಓಣಿಯ ತುದಿಯ ಟೇಲರ್ ಅಂಗಡಿಯಲ್ಲಿ ನೋಡಿದೆ. "ಗಂಡನ್ನ ಅಲ್ಲೇ ಮರತೈತಿ" ಎಂಬಲ್ಲಿ ಇಡೀ ಓಣಿ ಒಮ್ಮೆಲೇ ನಕ್ಕಿತು. ಮಾವ ನನ್ನ ಪಕ್ಕದಲ್ಲೇ ನಿಂತಿದ್ದರು. ನಾಚಿ ಟೇಲರನ ಅಳತೆ ಟೇಪು ಸುತ್ತತೊಡಗಿದರು.

ಅಕ್ಟೋಬರ್ 30, ಸೋಮವಾರ

ಮಾರ್ಗದರ್ಶಕರು ನೋಡಿದರು. ಮತ್ತೊಮ್ಮೆ ನೋಡಿದರು.

"ಚೊಲೊ ಐತಿ. ಆದ್ರ ಇದರಾಗ ನೀ ಎಲ್ಲಿದ್ದಿ? ಕೃತಿಕಾರ ಸತ್ತಾನಂತ ಫ್ರೆಂಚರು ಹೇಳ್ತಾರ. ಹಂಗಂತ ನೀ ಖರೇನ ಸಾಯೂದ?"

"ಸತ್ತಿಲ್ಲ ಸರ್. ಲೋಂಡಾದಾಗ ಚಾ ಕುಡೀತಿದ್ದೆ."

ಪ್ರಬಂಧ ಆರು ತಿಂಗಳು ಮುಂದೆ ಹೋಯಿತು. ಬರುವಾಗ ಧಾರವಾಡದ ಪೇಢೆ ತಂದೆ, ಎರಡು ಪೊಟ್ಟಣ. ಒಂದು ಖಾನಾಪುರಕ್ಕೆ. ಗಂಟಲು ಕೊಯ್ಯುವ ಮುಂಚೆ ತಿನ್ನಲಿ.

ನವೆಂಬರ್ 2, ಗುರುವಾರ

ಆಯಿತು. ಆಪರೇಶನ್ ಮುಗಿದು ಅತ್ತೆ ಎಚ್ಚರಾಗಿದ್ದಾರೆ. ದನಿಯ ಬಗ್ಗೆ ಡಾಕ್ಟರರು ಈಗಲೇ ಏನೂ ಹೇಳುವುದಿಲ್ಲ. ಮಾವ ಹೊರಗೆ ಬಾಕಿನ ಮೇಲೆ ಕೂತೇ ಇದ್ದಾರೆ, ಊಟಕ್ಕೂ ಏಳಲಿಲ್ಲ.

ನವೆಂಬರ್ 10, ಶುಕ್ರವಾರ

ಅತ್ತೆ ನಮ್ಮ ಮನೆಯಲ್ಲಿದ್ದಾರೆ. ವಾರಕ್ಕೊಮ್ಮೆ ದವಾಖಾನೆಗೆ ತೋರಿಸಬೇಕು. ದನಿ ಇಲ್ಲ. ಬಾಯಿ ತೆರೆದರೆ ಉಸಿರು ಬರುತ್ತದೆ, ಅಷ್ಟೇ. "ನರ ತುಂಡಾಗಿಲ್ಲ, ದಣದೈತಿ. ಬಂದರೂ ಬರಬಹುದು. ಬೇಸಿಗಿತನಕ ಕಾಯ್ರಿ" ಎಂದಿದ್ದಾರೆ. ಮಾವ ಖಾನಾಪುರದಿಂದ ದಿನಾ ಬಂದು ಹೋಗುತ್ತಾರೆ. ನಿನ್ನೆ ಬೇಕಂತಲೇ ಕೆಸರುಗಾಲಲ್ಲಿ ಒಳಗೆ ಬಂದರು. ಅತ್ತೆ ಕಣ್ಣಿನಿಂದಲೇ ನೋಡಿದರು, ಮಾವ ತಮಗೆ ತಾವೇ ಬೈದುಕೊಂಡು ನೆಲ ಒರೆಸಿದರು.

ಪ್ರಮಿಳಾ ಸಾಲಿಗೆ ಹೋದ ಮೇಲೆ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ನನ್ನ ಪಾಠ ಬೆಳಿಗ್ಗೆಗೇ ಮುಗಿಯುತ್ತದೆ. ಇಷ್ಟು ದಿನ ಗೋಡೆಯಾಚೆಯಿಂದ ಮಾತಾದರೂ ಬರುತ್ತಿತ್ತು. ಅವರು ಒಳಕೋಣೆಯಲ್ಲಿ, ನಾನು ಪಡಸಾಲೆಯಲ್ಲಿ. ನೀರು ಬೇಕಾದರೆ ತಾಟು ಬಡಿಯುತ್ತಾರೆ. ನಾನು ಹೊಸಿಲ ಮೇಲೆ ತಂಬಿಗೆ ಇಟ್ಟು ಕೆಮ್ಮಿ ಬರುತ್ತೇನೆ. ಇಂದು ಗಂಜಿ ಮಾಡಿ ಇಟ್ಟೆ. ತಾಟು ಬಡಿದ ಸದ್ದು ಬೇರೆ ಥರ ಕೇಳಿಸಿತು. ಹೋಗಿ ನೋಡಿದರೆ ಉಪ್ಪಿನ ಡಬ್ಬಿ ಹೊಸಿಲ ಮೇಲೆ ಕೂತಿತ್ತು. ಗಂಜಿಗೆ ಉಪ್ಪು ಹಾಕಿರಲಿಲ್ಲ.

ನವೆಂಬರ್ 17, ಶುಕ್ರವಾರ

ಇವತ್ತು ಬರೆಯುವಂಥದ್ದೇನೂ ಇಲ್ಲ. ಆದರೂ.

ಆತಿಫ ಕ್ಯಾಸೆಟ್ಟನ್ನು ಖಾಸಬಾಗದ ಕೇಬಲ್ಲಿಗೂ ಕೊಟ್ಟಿದ್ದಾನೆ. ಸಿನಿಮಾಗಳ ನಡುವೆ ಜಾಗ ಉಳಿದಾಗೆಲ್ಲ ಹಾಕುತ್ತಾರೆ. ಮಧ್ಯಾಹ್ನ ಉತ್ತರಪತ್ರಿಕೆ ತಿದ್ದುತ್ತ ಸುಮ್ಮನೆ ಟೀವಿ ಹಚ್ಚಿಟ್ಟಿದ್ದೆ. "ತಲಿ ಬಾಚ್ಕೊಂಡಿಲ್ಲಲ್ಲೇ ನೀ" ಎಂದು ಬಂತು. ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ.

ಎದುರಿಗೆ ಕೂತು ನೋಡಬಾರದು ಎಂಬ ಮಾತು ನೆನಪಿತ್ತು. ಪತ್ರಿಕೆಗಳನ್ನು ಎತ್ತಿಕೊಂಡು ಹೊರಗೆ ಹೊರಟೆ. ಅವರು ಕೈ ಅಡ್ಡ ಹಿಡಿದು ಕುರ್ಚಿ ತೋರಿಸಿದರು. ಕೂತೆ. ಅವರೂ ನೆಲದ ಮೇಲೆ ಗೋಡೆಗೆ ಒರಗಿ ಕೂತರು. ಕೊರಳ ಪಟ್ಟಿಗೆ ತಾಗುತ್ತದೆಂದು ಸೆರಗು ಹೆಗಲ ಮೇಲೇ ಇತ್ತು.

ಟೀವಿಯಲ್ಲಿ ಅವರು ಹಾಡುತ್ತಿದ್ದರು, ಇಲ್ಲಿ ಅವರ ತುಟಿ ಜೊತೆಗೇ ಆಡುತ್ತಿತ್ತು. ಒಂದಕ್ಷರವೂ ಹಿಂದೆ ಮುಂದೆ ಇಲ್ಲ. ಗಾಡಿಗಾಗಿ ತಡೆಯುವಲ್ಲಿ ಇಲ್ಲೂ ತಡೆದರು. "ಹಳಿಯೆರಡು ಕೂಡಿ" ಎಂದು ಎತ್ತಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು.

ಟೀವಿ ಒಂದು ಚುಕ್ಕೆಯಾಗಿ ಆರಿತು. ಅವರು ನಿಲ್ಲಿಸಲಿಲ್ಲ. ಕಣ್ಣು ಆ ಕಪ್ಪು ಗಾಜಿನ ಮೇಲೇ ಇತ್ತು, ತುಟಿ ಆಡುತ್ತಲೇ ಇತ್ತು, ಕೊರಳ ನರ ಎದ್ದು ನಿಂತಿತ್ತು. ಸದ್ದು ಮಾತ್ರ ಇಲ್ಲ. ನನಗೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿ ಅಷ್ಟು ಸಲ ಕೇಳಿದ್ದರಿಂದ ಹಾಡು ಬಾಯಿಗೆ ಬಂದಿತ್ತು. "ಅಳಿಯನ ಊರ ದಾಟ್ಯಾವ" ಎಂದು ಎತ್ತಿಕೊಂಡೆ. ನನ್ನ ದನಿ ಹೇಗಿದೆ ಎಂದು ಹಿಂದಿನ ಬೆಂಚಿನ ಹುಡುಗರು ಬಲ್ಲರು. ಅವರ ತುಟಿಯನ್ನೇ ನೋಡುತ್ತ ಹಾಡಿದೆ. ಅವರು ಬಾಯಿ ಎಷ್ಟು ತೆರೆದರೆ ಅಷ್ಟು, ಎಲ್ಲಿ ಮುಚ್ಚಿದರೆ ಅಲ್ಲಿಗೆ.

ನುಡಿ ಮುಗಿಯಿತು. ಅವರು ನನ್ನ ಕಡೆ ತಿರುಗಿ ಏನೋ ಅಂದರು. ಕೇಳಿಸಲಿಲ್ಲ. ಕೈ ಮಾಡಿ ಕರೆದರು. ಕುರ್ಚಿಯಿಂದಿಳಿದು ಅವರ ಬಾಜೂಕ್ಕೆ ನೆಲದ ಮೇಲೆ ಕೂತು ಕಿವಿ ಕೊಟ್ಟೆ. ಉಸಿರಿನಲ್ಲೇ ಹೇಳಿದರು:

"ಗಡಿಬಿಡಿ ಮಾಡಿದ್ರಿ, ಅಳಿಯಾರ. ಮೊದಲಿಂದ ಹಾಡ್ರಿ."

ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸಿದರು. ಮೊದಲಿನಿಂದ ಹಾಡಿದೆ.